ಎಂಜಿನ್ನಿಗೆ ಬರೀ ಜಾಕ್ ಕೊಟ್ಟರೆ ಸಾಲದು

ಮಾನ್ಯ ಸಂಪಾದಕರೇ,

ನಾನು ಕಾರು ಮೆಕ್ಯಾನಿಕ್. ಎಂಜಿನ್ ಮೌಂಟ್, ಅಂದರೆ ಎಂಜಿನ್ನನ್ನು ಗಾಡಿಗೆ ಹಿಡಿದಿಡುವ ಆಧಾರ, ಬದಲಿಸುವುದು ಸುಲಭದ ಕೆಲಸ ಅಂತ ಬಹಳ ಜನ ತಿಳಿದಿದ್ದಾರೆ. ಬೋಲ್ಟ್ ಬಿಚ್ಚಿದರೆ ಆಯ್ತು, ಅಲ್ವಾ? ಆದರೆ ಎಂಜಿನ್, ಗೇರ್‌ಬಾಕ್ಸ್ ಸೇರಿದರೆ ತೂಕ ಸಾಮಾನ್ಯವಾಗಿ 100 ಕಿಲೋ ದಾಟುತ್ತದೆ. ಆ ಭಾರ ಹೊತ್ತಿರುವುದೇ ಈ ಮೌಂಟ್‌ಗಳು.

ಮೌಂಟ್ ಬಿಚ್ಚುವಾಗ ಎಂಜಿನ್ನಿಗೆ ಬೇರೆ ಆಧಾರ ಬೇಕು. ಎಷ್ಟೋ ಕಡೆ ಅದಕ್ಕೆ ಜಾಕನ್ನು ನೇರವಾಗಿ ಎಂಜಿನ್ ತಳದ ಆಯಿಲ್ ಚೇಂಬರ್‌ಗೆ ಕೊಡುತ್ತಾರೆ. ಚೇಂಬರ್ ತಗಡಿನದಾದರೆ ನೆಗ್ಗಿ, ಆಯಿಲ್ ಎಳೆಯುವ ಜಾಲರಿಗೆ ತಾಗಬಹುದು. ಅಲ್ಯೂಮಿನಿಯಂ ಆದರೆ ಬಿರುಕು ಬಿಡಬಹುದು. ನಡುವೆ ದಪ್ಪನೆಯ ಅಗಲ ಹಲಗೆ ಇಟ್ಟರೆ ಭಾರ ಹಂಚಿಹೋಗುತ್ತದೆ. ಅದನ್ನೂ ತಡೆಯದ ಚೇಂಬರ್‌ಗಳಿವೆ. ಅಂಥ ಗಾಡಿಗೆ ಮೇಲಿಂದ ಸಪೋರ್ಟ್ ಬಾರ್ (ಎಂಜಿನ್ನಿನ ಮೇಲೆ ಅಡ್ಡ ಇಡುವ ಗಟ್ಟಿ ಪಟ್ಟಿ) ಹಾಕಿ, ಎಂಜಿನ್ನಿನ ಎತ್ತುವ ಕೊಂಡಿಗೆ ಸರಪಳಿ ಬಿಗಿಯುವುದೇ ಸರಿ.

ಜಾಕಿನ ಸೀಲ್ ಸೋರಿದರೆ ಎಂಜಿನ್ ಸದ್ದಿಲ್ಲದೆ ಇಳಿಯುತ್ತದೆ. ಹುಡುಗರು ಬೆರಳು ತೂರಿಸಿ ಬೋಲ್ಟ್ ತೂತು ಹುಡುಕುವುದು ನೋಡಿದರೆ ಎದೆ ಝಲ್ಲೆನ್ನುತ್ತದೆ. ಅದಕ್ಕೆ ಸಣ್ಣ ಕಬ್ಬಿಣದ ಸಲಾಕೆ ಬಳಸಿ. ಮೌಂಟ್ ಮೇಲಿನ ಭಾರ ಇಳಿಯುವಷ್ಟು ಮಾತ್ರ ಎಂಜಿನ್ ಎತ್ತಿ, ಜಾಸ್ತಿ ಎತ್ತಿದರೆ ಹೋಸ್‌ಗಳು ಎಳೆದುಕೊಳ್ಳುತ್ತವೆ. ಕಾರನ್ನೇ ಎತ್ತಿದ್ದರೆ ಅದರ ಕೆಳಗೆ ಭಾರ ಹೊರುವ ಸ್ಟ್ಯಾಂಡ್ ಇರಲೇಬೇಕು.

ಗ್ಯಾರೇಜ್ ಮಾಲೀಕರು ದಯವಿಟ್ಟು ಒಂದು ಸಪೋರ್ಟ್ ಬಾರ್ ತಂದಿಡಲಿ. ಕೆಲಸ ಕಲಿಯುವ ಹುಡುಗನಿಗೆ ಸ್ಪ್ಯಾನರ್ ಕೊಡುವ ಮೊದಲು ಅದನ್ನು ಹಾಕುವುದು ಹೇಗೆಂದು ತೋರಿಸಲಿ.

– ಒಬ್ಬ ಮೆಕ್ಯಾನಿಕ್