ಆಟದ ಲೆಕ್ಕ ಪುಸ್ತಕಕ್ಕೂ ಇಳಿಯಲಿ

ಮಾನ್ಯರೇ,

ಬೇಸಿಗೆ ರಜೆ ಮುಗಿದು ಶಾಲೆಗಳು ಬಾಗಿಲು ತೆರೆಯುವ ಹೊತ್ತಿಗೆ ಪ್ರತಿವರ್ಷವೂ ಕೇಳಿಬರುವ ಕಳವಳವೊಂದಿದೆ. ಮಕ್ಕಳು ರಜೆಯನ್ನೆಲ್ಲ ಆಟದಲ್ಲಿ, ಅದರಲ್ಲೂ ಮೊಬೈಲ್ ಆಟದಲ್ಲಿ ಕಳೆದು, ಕಲಿತದ್ದನ್ನು ಮರೆತು ಬಂದಿದ್ದಾರೆ ಎಂಬುದು ಆ ಕಳವಳ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ನನಗೆ ಅದರ ಹಿಂದಿನ ಕಾಳಜಿ ಅರ್ಥವಾಗುತ್ತದೆ. ಆದರೆ ಅದರ ತೀರ್ಮಾನವನ್ನು ಒಪ್ಪಲಾರೆ. ರಜೆಯಲ್ಲಿ ಮಕ್ಕಳು ಗಣಿತವನ್ನೂ ವಿಜ್ಞಾನವನ್ನೂ ಸಾಕಷ್ಟು ಮಾಡಿರುತ್ತಾರೆ, ತಾವು ಮಾಡಿದ್ದು ಅದೇ ಎಂದು ಅವರಿಗೆ ಯಾರೂ ತೋರಿಸಿಕೊಟ್ಟಿರುವುದಿಲ್ಲ. ಆಟ ಮುಗಿದ ಮೇಲೆ ಹಿರಿಯರು ಕೇಳಬೇಕಾದ ಒಂದೆರಡು ಪ್ರಶ್ನೆಗಳು ನಮ್ಮ ಮನೆಗಳಲ್ಲೂ ತರಗತಿಗಳಲ್ಲೂ ಕಾಣೆಯಾಗಿವೆ ಎಂಬುದೇ ನನ್ನ ದೂರು.

ಚೌಕಾಬಾರವನ್ನೇ ನೋಡೋಣ. ಅದು ಐದೈದು ಮನೆಗಳ ಚೌಕ. ಹೊರಸುತ್ತಿನಲ್ಲಿ 16 ಮನೆ, ಒಳಸುತ್ತಿನಲ್ಲಿ 8, ನಡುವೆ ಕಾಯಿ ಹಣ್ಣಾಗುವ ಒಂದು ಮನೆ. ನಾಲ್ಕು ಕವಡೆಗಳನ್ನೋ, ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ ನಾಲ್ಕು ಹುಣಸೆ ಬೀಜಗಳನ್ನೋ ಎಸೆದರೆ, ಮೇಲ್ಮುಖವಾಗಿ ಬಿದ್ದವು ಎಷ್ಟೋ ಅಷ್ಟು ಗರ. ನಾಲ್ಕೂ ಮೇಲ್ಮುಖವಾದರೆ ಚೌಕ. ನಾಲ್ಕೂ ಬೋರಲಾದರೆ ಎಂಟು, ಅಂದರೆ ಬಾರ. ನಾಲ್ಕು ಬೀಜಗಳು ಬೀಳಬಹುದಾದ ಬಗೆಗಳು ಒಟ್ಟು 16. ಅವುಗಳಲ್ಲಿ ಎರಡರ ಗರ ಬರುವುದು 6 ಬಗೆಗಳಲ್ಲಿ, ಒಂದು ಮತ್ತು ಮೂರು ತಲಾ 4 ಬಗೆಗಳಲ್ಲಿ, ಚೌಕ ಮತ್ತು ಬಾರ ತಲಾ ಒಂದೇ ಬಗೆಯಲ್ಲಿ. ಹತ್ತು ವರ್ಷದ ಮಗುವಿಗೆ ಈ ಅಂಕಿಗಳು ಗೊತ್ತಿಲ್ಲ. ಆದರೂ ಅದು ತನ್ನ ಕಾಯನ್ನು ಎದುರಾಳಿಯ ಕಾಯಿಗಿಂತ ಎರಡು ಮನೆ ಮುಂದೆ ನಿಲ್ಲಿಸಲು ಹೆದರುತ್ತದೆ, ನಾಲ್ಕು ಮನೆ ಮುಂದಾದರೆ ಧೈರ್ಯವಾಗಿ ಬಿಡುತ್ತದೆ. ಒಂದೇ ಎಸೆತದಲ್ಲಿ ಕಾಯಿ ಹೊಡೆಸಿಕೊಳ್ಳುವ ಸಾಧ್ಯತೆ ಮೊದಲನೆಯ ಕಡೆ ಹದಿನಾರರಲ್ಲಿ ಆರು, ಎರಡನೆಯ ಕಡೆ ಹದಿನಾರರಲ್ಲಿ ಒಂದು. ಇದು ಹತ್ತನೆಯ ತರಗತಿಯ ಸಂಭವನೀಯತೆಯ ಪಾಠವೇ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಮೇಲಿನ ಲೆಕ್ಕ ನಿಲ್ಲುವುದು ಬೀಜದ ಎರಡು ಮಗ್ಗುಲುಗಳೂ ಸಮನಾಗಿ ಬೀಳುತ್ತವೆ ಎಂಬ ಊಹೆಯ ಮೇಲೆ. ಕವಡೆಗಾಗಲಿ ಉಜ್ಜಿದ ಬೀಜಕ್ಕಾಗಲಿ ಅಂಥ ಸಮತೆ ಇರಬೇಕೆಂದಿಲ್ಲ. ನೂರು ಸಲ ಎಸೆದು ಬರೆದಿಟ್ಟುಕೊಳ್ಳಲು ಹೇಳಿದರೆ, ಪುಸ್ತಕದ ಸಂಭವನೀಯತೆಗೂ ಪ್ರಯೋಗದಲ್ಲಿ ಸಿಕ್ಕಿದ್ದಕ್ಕೂ ಇರುವ ಅಂತರ ಮಕ್ಕಳ ಅಂಗೈಯಲ್ಲೇ ತೆರೆದುಕೊಳ್ಳುತ್ತದೆ. ಇದಕ್ಕೆ ಶಾಲೆಗೆ ಒಂದು ರೂಪಾಯಿಯ ಖರ್ಚೂ ಇಲ್ಲ.

ಆಟದಲ್ಲಿ ಇಷ್ಟು ಚುರುಕಾದ ಮಗು ಪರೀಕ್ಷೆಯಲ್ಲಿ ಏಕೆ ತಡವರಿಸುತ್ತದೆ ಎಂಬ ಪ್ರಶ್ನೆ ಏಳುವುದು ಸಹಜ. ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳ ಬಗ್ಗೆ 1985ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಬೆಳಕು ಚೆಲ್ಲುತ್ತದೆ. ಹತ್ತು ತೆಂಗಿನಕಾಯಿಗೆ ಎಷ್ಟೆಂದು ಗಿರಾಕಿಯಂತೆ ಕೇಳಿದಾಗ, ಕಾಯಿಗೆ 35ರ ದರದಲ್ಲಿ ಮಾರುತ್ತಿದ್ದ ಹುಡುಗ, ಮೂರಕ್ಕೆ 105, ಇನ್ನು ಮೂರು ಸೇರಿದರೆ 210, ಮತ್ತೆ ಮೂರು ಸೇರಿದರೆ 315, ಉಳಿದ ಒಂದನ್ನು ಕೂಡಿಸಿದರೆ 350 ಎಂದು ತನ್ನದೇ ದಾರಿಯಲ್ಲಿ ಉತ್ತರ ಮುಟ್ಟಿದ. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಆ ಮಕ್ಕಳು ಶೇ 98ರಷ್ಟನ್ನು ಸರಿಯಾಗಿ ಬಿಡಿಸಿದರು. ಅದೇ ಲೆಕ್ಕಗಳನ್ನು ಶಾಲೆಯ ರೀತಿಯಲ್ಲಿ ಬರಿಯ ಅಂಕಿಗಳಾಗಿ ಕೊಟ್ಟಾಗ ಸರಿಯಾದದ್ದು ಶೇ 37 ಮಾತ್ರ. ನೊಬೆಲ್ ಪುರಸ್ಕೃತರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ ಹಾಗೂ ದೆಹಲಿಯ ಮಾರುಕಟ್ಟೆಗಳಲ್ಲಿ ನಡೆಸಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಕಂಡಿತು. ಅದರ ಜೊತೆಗೆ ಇನ್ನೊಂದು ಮಗ್ಗುಲನ್ನೂ ಅದು ತೋರಿಸಿತು: ಶಾಲೆಯ ಲೆಕ್ಕವನ್ನು ಚೆನ್ನಾಗಿ ಬಿಡಿಸುವ ಮಕ್ಕಳು ಸಂತೆಯ ಲೆಕ್ಕದಲ್ಲಿ ಸೋಲುತ್ತಾರೆ. ಒಂದು ಕಡೆ ಕಲಿತದ್ದು ತಾನಾಗಿಯೇ ಇನ್ನೊಂದು ಕಡೆಗೆ ದಾಟುವುದಿಲ್ಲ ಎಂಬುದು ಇದರಿಂದ ಸ್ಪಷ್ಟ. ಆಟವೊಂದಿದ್ದರೆ ಸಾಕು, ಮಕ್ಕಳು ಎಲ್ಲವನ್ನೂ ಕಲಿತುಬಿಡುತ್ತಾರೆ ಎನ್ನುವವರೂ ಈ ಮಾತನ್ನು ಗಮನಿಸಬೇಕು.

ವಿಡಿಯೊ ಗೇಮ್‌ಗಳಿಗೂ ಇದು ಅನ್ವಯಿಸುತ್ತದೆ. ನಮ್ಮ ಮಕ್ಕಳಲ್ಲಿ ಅನೇಕರು ಆಡುವ, ಸ್ವೀಡನ್ನಿನಲ್ಲಿ ಹುಟ್ಟಿದ ‘ಮೈನ್‌ಕ್ರಾಫ್ಟ್’ನಲ್ಲಿ ಇಡೀ ಜಗತ್ತು ಒಂದೊಂದು ಮೀಟರ್ ಅಳತೆಯ ಘನಗಳಿಂದಾಗಿದೆ. ಅಲ್ಲಿ ಮನೆ ಕಟ್ಟುವ ಹುಡುಗಿ ಗೋಡೆಗೆ ಎಷ್ಟು ಘನ ಬೇಕು, ನೆಲಕ್ಕೆ ಎಷ್ಟು ಬೇಕು ಎಂದು ಲೆಕ್ಕ ಹಾಕುವಾಗ ಮಾಡುತ್ತಿರುವುದು ವಿಸ್ತೀರ್ಣ ಮತ್ತು ಘನಫಲದ ಪಾಠವನ್ನೇ. ಕುಲುಮೆಯಲ್ಲಿ ಒಂದು ಕಲ್ಲಿದ್ದಲು ಎಂಟು ಅದಿರಿಗೆ ಸಾಕಾಗುತ್ತದೆ, ಚೀಲದ ಒಂದು ಖಾನೆಯಲ್ಲಿ ಹೆಚ್ಚಿನ ವಸ್ತುಗಳನ್ನು 64ರವರೆಗೆ ಪೇರಿಸಿಡಬಹುದು. ಈ ಎರಡು ಸಂಖ್ಯೆಗಳ ನಡುವೆ ಆಡುವ ಮಗುವಿಗೆ ಭಾಗಾಕಾರ ಬಾಯಿಪಾಠದ ಕೆಲಸವಾಗಿ ಉಳಿಯುವುದಿಲ್ಲ. ಆದರೆ ನನಗೆ ಹೆಚ್ಚು ಉಪಯುಕ್ತವೆನಿಸಿರುವುದು ಈ ಆಟ ತಪ್ಪಾಗಿ ತೋರಿಸುವ ಸಂಗತಿಗಳು. ಅಲ್ಲಿ ಮರದ ಬುಡವನ್ನು ಕಡಿದರೂ ಮೇಲಿನ ಭಾಗ ಗಾಳಿಯಲ್ಲೇ ನಿಲ್ಲುತ್ತದೆ, ಮರಳು, ಜಲ್ಲಿಯಂಥ ಕೆಲವು ಮಾತ್ರ ಕೆಳಗೆ ಬೀಳುತ್ತವೆ. ಸರಿಯಾದ ಗುಂಡಿ ತೋಡಿ ಎರಡು ಬಕೆಟ್ ನೀರು ಸುರಿದರೆ ಎಂದೂ ಬತ್ತದ ಒರತೆ ಸಿದ್ಧವಾಗುತ್ತದೆ. ಕೊಳವೆಬಾವಿ ಬತ್ತಿದ ಊರಿನ ಮಗುವಿನೊಡನೆ ಕುಳಿತು ಇದು ಏಕೆ ಸಾಧ್ಯವಿಲ್ಲ, ನೀರು ನೆಲದೊಳಕ್ಕೆ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ, ಗುರುತ್ವದಿಂದ ಅಂತರ್ಜಲದವರೆಗೆ ಎಷ್ಟೋ ಪಾಠಗಳು ಅಲ್ಲಿಂದಲೇ ಆರಂಭವಾಗುತ್ತವೆ. ಕೇಳುವವರಿಲ್ಲದಿದ್ದರೆ ಆ ತಪ್ಪು ಹಾಗೆಯೇ ತಲೆಯಲ್ಲಿ ಕುಳಿತುಬಿಡುವ ಅಪಾಯವೂ ಇದೆ.

ಎಲ್ಲ ಮೊಬೈಲ್ ಆಟಗಳೂ ಹೀಗೆಂದು ನಾನು ಹೇಳುತ್ತಿಲ್ಲ. ಹಣ ಕಟ್ಟಿ ಆಡುವ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿರುವುದು ಸ್ವಾಗತಾರ್ಹ. ನಿದ್ದೆ, ಕಣ್ಣು, ಬಯಲಾಟ ಇವುಗಳಿಗೆ ಧಕ್ಕೆಯಾಗದಂತೆ ಸಮಯದ ಮಿತಿಯೂ ಇರಲೇಬೇಕು. ಇನ್ನು, ಮೊಬೈಲ್ ಮೊದಲು ಗಂಡುಮಕ್ಕಳ ಕೈಗೆ ಹೋಗುವ ಮನೆಗಳಲ್ಲಿ ಹೆಣ್ಣುಮಕ್ಕಳ ಲೆಕ್ಕ ಅಂಗಳದಲ್ಲಿರುತ್ತದೆ ಎಂಬುದನ್ನು ಮರೆಯಬಾರದು. ರಂಗೋಲಿಗೆ ಹದಿನೈದರಿಂದ ಎಂಟರವರೆಗೆ ಸಂದು ಚುಕ್ಕಿ ಇಡುವ, ಅಂದರೆ ನಡುಸಾಲಿನ 15ರಿಂದ ಎರಡೂ ಬದಿಗೆ ಸಾಲಿಗೊಂದು ಚುಕ್ಕಿ ಕಡಿಮೆ ಮಾಡುತ್ತ 8ಕ್ಕೆ ಇಳಿಯುವ ಹುಡುಗಿ 169 ಚುಕ್ಕಿಗಳನ್ನು ಸಮಾಂತರ ಶ್ರೇಢಿಯಲ್ಲಿ ಜೋಡಿಸಿರುತ್ತಾಳೆ. ಅವುಗಳನ್ನು ಒಂದೊಂದಾಗಿ ಎಣಿಸದೆ ಮೊತ್ತ ಹೇಳಬಲ್ಲೆಯಾ ಎಂದು ಅವಳನ್ನು ಕೇಳುವವರು ಬೇಕು.

ನಮ್ಮ ರಾಜ್ಯಕ್ಕೆ ಇದು ಹೊಸದೇನೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ, ಆಟ ಚಟುವಟಿಕೆಗಳ ಮೂಲಕ ಕಲಿಸುವ ‘ನಲಿ ಕಲಿ’ ಪದ್ಧತಿ ಇಂದು ಸರ್ಕಾರಿ ಶಾಲೆಗಳಲ್ಲಿ ನೆಲೆಯೂರಿದೆ. ಆದರೆ ಮೂರನೆಯ ತರಗತಿ ದಾಟಿದೊಡನೆ ಕಲಿಕೆಯ ಹಂತಗಳನ್ನು ತೋರಿಸುವ ಕಲಿಕಾ ಏಣಿ, ಕಾರ್ಡು, ಆಟ ಎಲ್ಲವೂ ಬದಿಗೆ ಸರಿದು ಪಠ್ಯಪುಸ್ತಕವೊಂದೇ ಉಳಿಯುತ್ತದೆ. ಅನೇಕ ಶಾಲೆಗಳು ಉತ್ಸಾಹದಿಂದ ನಡೆಸುವ ಮಕ್ಕಳ ಸಂತೆಯ ಸ್ಥಿತಿಯೂ ಅಷ್ಟೆ. ಸೊಪ್ಪು, ನಿಂಬೆಹಣ್ಣು, ಮಂಡಕ್ಕಿ ಮಾರಾಟವಾಗುತ್ತದೆ, ಅತಿಥಿಗಳ ಭಾಷಣ, ಫೋಟೊ ಆಗುತ್ತದೆ, ಮರುದಿನ ಎಂದಿನ ಪಾಠ. ಆ ಮರುದಿನವೇ ಅಸಲೆಷ್ಟು, ಲಾಭ ಶೇಕಡ ಎಷ್ಟು, ಸಂಜೆಗೆ ಬಾಡುವ ಸೊಪ್ಪಿನ ದರವನ್ನು ಎಷ್ಟಕ್ಕೆ ಇಳಿಸಿದ್ದರೆ ನಷ್ಟವಾಗುತ್ತಿರಲಿಲ್ಲ ಎಂದು ಪ್ರತಿ ಮಗುವೂ ತನ್ನ ವ್ಯಾಪಾರದ ಲೆಕ್ಕವನ್ನು ಬರೆಯಬೇಕಲ್ಲವೇ?

ಆದ್ದರಿಂದ ಶಿಕ್ಷಣ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟು. ಮಕ್ಕಳ ಸಂತೆಯ ಮರುದಿನದ ಗಣಿತ ಅವಧಿಯನ್ನು ಕಡ್ಡಾಯವಾಗಿ ಸಂತೆಯ ಲೆಕ್ಕಕ್ಕೆ ಮೀಸಲಿಡಲಿ. ನಾಲ್ಕನೆಯ ತರಗತಿಯಿಂದ ಮೇಲಕ್ಕೂ ಆಟದಿಂದ ಪಾಠಕ್ಕೆ ದಾಟಿಸುವ ಬಗೆಯನ್ನು ಶಿಕ್ಷಕರ ತರಬೇತಿಯಲ್ಲಿ ಸೇರಿಸಲಿ. ಸಂಭವನೀಯತೆಯ ಪಾಠಕ್ಕೆ ಮುನ್ನ ಮಕ್ಕಳು ಒಂದು ಅವಧಿ ಚೌಕಾಬಾರ ಆಡಿ ಬಿದ್ದ ಗರಗಳನ್ನು ಪಟ್ಟಿ ಮಾಡುವುದಕ್ಕೆ ಅವಕಾಶವಿರಲಿ. ಆ ಅವಧಿಯನ್ನು ಪಾಠ ಹಿಂದುಳಿದ ಅವಧಿ ಎಂದು ತಪಾಸಣೆಗೆ ಬಂದ ಅಧಿಕಾರಿಗಳು ಬರೆಯದಿರಲಿ.

ಒಬ್ಬ ಗಣಿತ ಶಿಕ್ಷಕಿ, ಹಾಸನ ಜಿಲ್ಲೆ