ಭಾನುವಾರ ಹಳೆಯ ಆಟಿಕೆಗಳೊಂದಿಗೆ ಬನ್ನಿ

ಎಲ್ಲರಿಗೂ ನಮಸ್ಕಾರ.

ಬರುವ ಭಾನುವಾರ ಬೆಳಿಗ್ಗೆ 9 ಗಂಟೆಗೆ ನಮ್ಮ ಶಾಲೆಯ ಮೈದಾನದಲ್ಲಿ ಸೇರೋಣ. 1984ರಲ್ಲಿ ಹತ್ತನೆಯ ತರಗತಿ ಮುಗಿಸಿದ ನಾವೆಲ್ಲರೂ ಮಕ್ಕಳು, ಮೊಮ್ಮಕ್ಕಳೊಂದಿಗೆ ಬರಬೇಕೆಂದು ನನ್ನ ಆಸೆ.

ಅಟ್ಟದ ಮೇಲೆ ಬುಗುರಿ, ಗೋಲಿ, ಚಿನ್ನಿದಾಂಡು, ಚೌಕಾಬಾರದ ಕವಡೆ ಏನಿದ್ದರೂ ತನ್ನಿ. ಚನ್ನಪಟ್ಟಣದ ಗೊಂಬೆಯಿದ್ದರೆ ನೀರಿನಲ್ಲಿ ತೊಳೆಯಬೇಡಿ, ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಹಾಲೆಮರದ ಮೇಲಿನ ಅರಗಿನ ಹೊಳಪು ಹಾಗೆಯೇ ಉಳಿಯಲಿ. ಪ್ರತಿ ವಸ್ತುವಿಗೂ ನಿಮ್ಮ ಹೆಸರಿನ ಚೀಟಿ ಕಟ್ಟಿ.

ಗೆಳೆಯರೊಬ್ಬರು ತಮ್ಮ ತಂದೆಯ ಹಳೆಯ ಸೈಕಲ್ಲನ್ನು ರಿಪೇರಿ ಮಾಡಿಸಿ ತರುತ್ತಿದ್ದಾರೆ. ಗಂಟೆಗೆ ಎಂಟಾಣೆ ಕೊಟ್ಟು ಬಾಡಿಗೆಗೆ ಪಡೆದು, ಸೀಟು ಎಟುಕದೆ ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ ಪೆಡಲ್ ತುಳಿದದ್ದು ನೆನಪಿದೆಯೇ? ನನ್ನ ಎಡಮೊಣಕಾಲಿನ ಕಲೆ ಕೆರೆ ಏರಿಯ ಇಳಿಜಾರಿನದು. ರಕ್ತ ಸೋರುತ್ತಿದ್ದರೂ, ಗಂಟೆ ಮುಗಿಯುವುದರೊಳಗೆ ಸೈಕಲ್ ಹಿಂದಿರುಗಿಸಬೇಕಲ್ಲ ಎಂಬ ಭಯವೇ ದೊಡ್ಡದಾಗಿತ್ತು. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಧುಮುಕಿ ಈಜು ಕಲಿತವರೂ ಈ ಗುಂಪಿನಲ್ಲಿದ್ದಾರೆ. ಆ ಧೈರ್ಯ ನನಗೆ ಇಂದಿಗೂ ಪ್ರಿಯ.

ಆದರೂ ಒಂದು ವಿನಂತಿ. ಮೈದಾನದ ಆಚೆಯ ಬಾವಿಗೆ ಕಟ್ಟೆಯಿಲ್ಲ, ಮಕ್ಕಳನ್ನು ಅತ್ತ ಬಿಡಬೇಡಿ. ಚಿನ್ನಿ ಹಾರುವಾಗ ಕಣ್ಣಿಗೆ ಪೆಟ್ಟಾಗಬಹುದು. ಚಿಕ್ಕವರು ಸುಣ್ಣದ ಗೆರೆಯ ಹಿಂದೆ ನಿಲ್ಲಲಿ.

ಲಗೋರಿಗೆ ಏಳು ಚಪ್ಪಟೆ ಕಲ್ಲುಗಳನ್ನು ಯಾರು ತರುತ್ತೀರಿ? ಎಷ್ಟು ಜನ ಬರುತ್ತೀರಿ, ಏನು ತರುತ್ತೀರಿ ಎಂಬುದನ್ನು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ಬರೆಯಿರಿ. ಉಪ್ಪಿಟ್ಟು, ಕಾಫಿಗೆ ಲೆಕ್ಕ ಹೇಳಬೇಕಾಗಿದೆ.