ಗುಜರಿಗೆ ಹಾಕುವ ಮೊದಲು ಒಮ್ಮೆ ಡಯಲ್ ಇಟ್ಟು ನೋಡಿ

ಮಾನ್ಯ ಸಂಪಾದಕರೇ,

ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಹಳೇ ಸಿಎನ್‌ಸಿ ಮಿಲ್ಲಿಂಗ್ ಮಷೀನ್‌ಗಳನ್ನು ತೂಕಕ್ಕೆ ಹಾಕಿ ಗುಜರಿಗೆ ಕಳಿಸುವುದನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಯಾಕೆ ಮಾರಿದಿರಿ ಅಂತ ಕೇಳಿದರೆ ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಉತ್ತರ: ‘ಕಂಟ್ರೋಲರ್ ಹೋಯ್ತು, ಅದರ ಬೋರ್ಡ್ ಈಗ ಎಲ್ಲೂ ಸಿಗಲ್ಲ.’ ಇರಬಹುದು. ಆದರೆ ಮಷೀನ್‌ನ ಮೆದುಳಾದ ಕಂಟ್ರೋಲರ್ ಹೋದ ಮಾತ್ರಕ್ಕೆ ಮಷೀನೇ ಹೋಯಿತು ಅಂತಲ್ಲ. ಇದನ್ನು ಹೇಳಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ನಾನು ಮಿಲ್ಲಿಂಗ್ ಕೆಲಸದವನು. ಕೆಲವು ಗೆಳೆಯರು ಸೇರಿ ಒಂದು ವರ್ಕ್‌ಶಾಪ್ ನಡೆಸುತ್ತಿದ್ದೇವೆ. ಬಾಡಿಗೆ, ಕರೆಂಟು, ಟೂಲು ಎಲ್ಲದರಲ್ಲೂ ಎಲ್ಲರಿಗೂ ಪಾಲು. ಅಲ್ಲಿಗೆ ಮೂರು ಆಕ್ಸಿಸ್‌ನ (ಮೂರು ದಿಕ್ಕಿನಲ್ಲಿ ಓಡುವ) ಒಂದು ಹಳೇ ಮಿಲ್ ಬಂತು. ಆನ್ ಮಾಡಿದರೆ ಪರದೆ ತುಂಬ ಅಲಾರಂ. ಮೆಮೊರಿ ಬ್ಯಾಟರಿ ಸತ್ತು ಪ್ಯಾರಾಮೀಟರ್‌ಗಳೆಲ್ಲ ಅಳಿಸಿಹೋಗಿದ್ದವು. ಸ್ಕ್ರೂ ಪಿಚ್ ಎಷ್ಟು (ಸ್ಕ್ರೂ ಒಂದು ಸುತ್ತು ತಿರುಗಿದರೆ ಟೇಬಲ್ ಎಷ್ಟು ಸರಿಯುತ್ತದೆ), ಹೋಮ್ ಅಂದರೆ ಅಳತೆ ಶುರುವಾಗುವ ಜಾಗ ಎಲ್ಲಿ, ಎಷ್ಟು ವೇಗದಲ್ಲಿ ಓಡಬೇಕು ಅನ್ನುವುದೆಲ್ಲ ಇರುವುದು ಆ ಮೆಮೊರಿಯಲ್ಲೇ. ಎಷ್ಟೋ ಹಳೇ ಕಂಟ್ರೋಲರ್‌ಗಳಲ್ಲಿ ಬ್ಯಾಟರಿಯನ್ನು ಪವರ್ ಆನ್ ಇರುವಾಗಲೇ ಬದಲಿಸಬೇಕು. ಆಫ್ ಮಾಡಿ ತೆಗೆದರೆ ಎಲ್ಲ ಅಳಿಸಿಹೋಗುತ್ತದೆ. ಬರೀ ಒಂದು ಬ್ಯಾಟರಿಗಾಗಿ ಟನ್‌ಗಟ್ಟಲೆ ಒಳ್ಳೆಯ ಬೀಡುಕಬ್ಬಿಣ ಗುಜರಿ ಸೇರುತ್ತದೆ ಅಂದರೆ ಹೇಗೆ ಸಹಿಸುವುದು?

ನಾವು ಎಲೆಕ್ಟ್ರಾನಿಕ್ಸ್ ಕಡೆ ಮೊದಲು ಕೈ ಹಾಕಲಿಲ್ಲ. ಮೊದಲು ಕಬ್ಬಿಣದ ಕೆಲಸ. ಈ ಕ್ರಮವನ್ನು ನಾನು ಒತ್ತಿ ಹೇಳುತ್ತೇನೆ. ಹೊಸ ಪರದೆ, ಹೊಸ ಕೀಬೋರ್ಡ್ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಟೇಬಲ್ ಜಾರುವ ಹಾದಿಯಾದ ಸ್ಲೈಡ್ ಸವೆದಿದ್ದರೆ, ಎಷ್ಟು ಒಳ್ಳೆಯ ಕಂಟ್ರೋಲರ್ ಕೂರಿಸಿದರೂ ಜಾಬ್, ಅಂದರೆ ಕೊರೆದ ತುಂಡು, ಚೌಕ ಬರುವುದಿಲ್ಲ.

ಕಟರ್ ತಿರುಗಿಸುವ ಸ್ಪಿಂಡಲ್ ಹೆಡ್‌ಗೆ ಮ್ಯಾಗ್ನೆಟಿಕ್ ಬೇಸ್ ಕೂರಿಸಿ, ಟೇಬಲ್ ಮೇಲೆ ಬಿಗಿದ ಬ್ಲಾಕ್‌ಗೆ ಡಯಲ್ (ಚೂರು ಸರಿದರೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ತಾಗಿಸಿ, ಟೇಬಲ್ಲನ್ನು ಆ ಕಡೆ ಈ ಕಡೆ ಓಡಿಸಿ ನೋಡಿದೆವು. ದಿಕ್ಕು ಬದಲಿಸಿದಾಗ ಸ್ಕ್ರೂ ತಿರುಗುತ್ತಿತ್ತು, ಮುಳ್ಳು ಮಾತ್ರ ಸ್ವಲ್ಪ ಹೊತ್ತು ನಿಂತಲ್ಲೇ ನಿಂತಿರುತ್ತಿತ್ತು. ‘ಟೇಬಲ್ ಓಡಿಸುವ ಬಾಲ್ ಸ್ಕ್ರೂವೇ ಹೋಗಿದೆ’ ಅಂತ ಅಲ್ಲೇ ತೀರ್ಪು ಕೊಡುವವರು ಬಹಳ. ತಾಳಿ. ಸ್ಕ್ರೂ ತುದಿಯ ಸೆಂಟರ್ ತೂತಿಗೆ ಸ್ವಲ್ಪ ಗ್ರೀಸ್ ಹಚ್ಚಿ ಒಂದು ಉಕ್ಕಿನ ಗುಂಡು ಕೂರಿಸಿ. ಚಪ್ಪಟೆ ಮೂತಿಯ ಡಯಲ್ಲನ್ನು ಆ ಗುಂಡಿಗೆ ತಾಗಿಸಿ, ಟೇಬಲ್ಲನ್ನು ಹಿಂದಕ್ಕೂ ಮುಂದಕ್ಕೂ ಜೋರಾಗಿ ತಳ್ಳಿ. ಮುಳ್ಳು ಆಡಿದರೆ ಸ್ಕ್ರೂವೇ ಉದ್ದಕ್ಕೆ ಸರಿಯುತ್ತಿದೆ ಅಂತ ಅರ್ಥ. ಆಗ ತಪ್ಪು ಸ್ಕ್ರೂ ಮೇಲೆ ಓಡುವ ನಟ್‌ನದಲ್ಲ, ಸ್ಕ್ರೂವನ್ನು ಹಿಡಿದಿರುವ ತುದಿಯ ಬೇರಿಂಗ್‌ನದು. ನಮ್ಮಲ್ಲಿ ಆಗಿದ್ದೂ ಅದೇ, ಬೇರಿಂಗ್‌ನ ಲಾಕ್‌ನಟ್ ಸಡಿಲವಾಗಿತ್ತು. ಬಿಗಿದ ಮೇಲೆ ಪ್ಲೇ, ಅಂದರೆ ಆ ಸಡಿಲ, ಬಹಳ ಮಟ್ಟಿಗೆ ಹೋಯಿತು. ಕಂಟ್ರೋಲರ್‌ನಲ್ಲಿ ಬ್ಯಾಕ್‌ಲ್ಯಾಶ್ ಕಾಂಪೆನ್ಸೇಶನ್ (ಸಡಿಲ ಇದ್ದಷ್ಟು ಹೆಚ್ಚಿಗೆ ಓಡಿಸುವ ಸೆಟ್ಟಿಂಗ್) ಹಾಕಿಬಿಡಿ ಅಂತ ಸುಲಭದ ಸಲಹೆ ಕೊಡುವವರೂ ಇದ್ದಾರೆ. ಅದು ಲೆಕ್ಕವನ್ನು ಸರಿಮಾಡುತ್ತದೆ, ಸಡಿಲವನ್ನಲ್ಲ. ಕ್ಲೈಂಬ್ ಕಟ್ (ಕಟರ್ ತಿರುಗುವ ದಿಕ್ಕಿಗೇ ಟೇಬಲ್ ಓಡಿಸಿ ಕೊರೆಯುವುದು) ಹಾಕಿದಾಗ ಕಟರ್ ಟೇಬಲ್ಲನ್ನು ತನ್ನ ಕಡೆಗೆ ಎಳೆದುಕೊಳ್ಳುವುದು ಅದರಿಂದ ನಿಲ್ಲುವುದಿಲ್ಲ.

ಇನ್ನೊಂದು ವಿಷಯ, ಆಯಿಲ್‌ನದು. ಸ್ಲೈಡ್‌ಗಳಿಗೆ ಆಯಿಲ್ ಕಳಿಸುವ ಪಂಪ್‌ನ ಗೇಜ್‌ನಲ್ಲಿ ಪ್ರೆಶರ್ ಚೆನ್ನಾಗಿಯೇ ತೋರಿಸುತ್ತಿತ್ತು. ಆದರೂ ಒಂದು ಸ್ಲೈಡ್ ಒಣಗಿತ್ತು. ಪೈಪ್‌ಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದಾಗ ಆ ಸ್ಲೈಡ್‌ಗೆ ಅಳತೆಯಷ್ಟೇ ಆಯಿಲ್ ಬಿಡುವ ಮೀಟರಿಂಗ್ ವಾಲ್ವ್ ಕಟ್ಟಿಕೊಂಡಿತ್ತು. ಒಳಗೆ ಗೋಂದಿನ ಹಾಗೆ ಗಟ್ಟಿಯಾದ ಹಳೇ ಆಯಿಲ್. ಗೇಜ್ ನೋಡಿ ಸುಮ್ನೆ ಇದ್ದುಬಿಟ್ಟಿದ್ದರೆ ಆ ಸ್ಲೈಡ್ ಸವೆದೇ ಹೋಗುತ್ತಿತ್ತು. ಇದು ಸಾಲದು ಅಂತ, ಸ್ಲೈಡ್‌ಗೆ ಕೈಗೆ ಸಿಕ್ಕ ಹೈಡ್ರಾಲಿಕ್ ಆಯಿಲ್ ಹಾಕುವ ಅಭ್ಯಾಸ ಬೇರೆ ಕೆಲವರಿಗೆ. ಸ್ಲೈಡ್‌ವೇ ಆಯಿಲ್ ಅಂತಲೇ ಬರುತ್ತದೆ, ಸಾಮಾನ್ಯವಾಗಿ 68 ಗ್ರೇಡ್ (ಆಯಿಲ್ ಎಷ್ಟು ಮಂದ ಅನ್ನುವ ಅಂಕಿ). ಅದು ಅಂಟಿಕೊಂಡು ನಿಲ್ಲುತ್ತದೆ, ಮೆಲ್ಲಗೆ ಸರಿಯುವಾಗ ಟೇಬಲ್ ತಡೆತಡೆದು ಓಡುವುದಿಲ್ಲ.

ಎಲ್ಲ ಹಳೇ ಮಷೀನ್ ಉಳಿಸಬಹುದು ಅಂತ ನಾನು ಹೇಳುತ್ತಿಲ್ಲ. ಸ್ಲೈಡ್‌ನಲ್ಲಿ ಉದ್ದಕ್ಕೂ ಆಳದ ಗೀರು ಬಿದ್ದಿದ್ದರೆ, ನಡುವೆ ಸವೆದು ಗುಂಡಿಯಾಗಿದ್ದರೆ, ಗ್ರೈಂಡಿಂಗ್ ಮಾಡಿಸಿ ಸ್ಕ್ರೇಪರ್ ಹಿಡಿದು ಮಟ್ಟ ಮಾಡುವ ಖರ್ಚು ಮಷೀನ್‌ನ ಬೆಲೆಯನ್ನೇ ಮೀರಬಹುದು. ಆ ತೀರ್ಮಾನವನ್ನು ಡಯಲ್ ಇಟ್ಟು ಮಾಡಿ, ಪರದೆ ನೋಡಿ ಅಲ್ಲ.

ಹಳೇ ಮೈಗೆ ಹೊಸ ಕಂಟ್ರೋಲ್ ಕೂರಿಸುವುದು ಏನೋ ಕಳಪೆ ಕೆಲಸ ಅನ್ನುವ ಭಾವನೆ ಕೆಲವರಲ್ಲಿದೆ. 1952ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯವರು ಜಗತ್ತಿಗೆ ತೋರಿಸಿದ ನ್ಯೂಮರಿಕಲ್ ಕಂಟ್ರೋಲ್ (ಅಂಕಿಗಳ ಆದೇಶದಂತೆ ಓಡುವ) ಮಿಲ್ ಇತ್ತಲ್ಲ, ಅದೂ ಅಂಥದ್ದೇ. ಸಿನ್ಸಿನಾಟಿ ಹೈಡ್ರೊಟೆಲ್ ಅನ್ನುವ ಮಿಲ್ಲಿಂಗ್ ಮಷೀನನ್ನು ತಂದು, ಬಿಚ್ಚಿ, ವ್ಯಾಕ್ಯೂಮ್ ಟ್ಯೂಬ್ ತುಂಬಿದ ಕಪಾಟುಗಳನ್ನು ಪಕ್ಕದಲ್ಲಿಟ್ಟು, ತೂತು ಹೊಡೆದ ಟೇಪ್‌ನಿಂದ ಓಡಿಸಿದರು. ಅಂದರೆ ಈ ವಿದ್ಯೆ ಹುಟ್ಟಿದ್ದೇ ಇದ್ದ ಮಷೀನ್‌ಗೆ ಹೊಸ ಮೆದುಳು ಕೂರಿಸುವ ಕೆಲಸದಿಂದ.

ಈಗ ಅಷ್ಟು ಕಷ್ಟವೂ ಇಲ್ಲ. ಲಿನಕ್ಸ್‌ಸಿಎನ್‌ಸಿ ಅನ್ನುವ ತಂತ್ರಾಂಶ ಉಚಿತ. ಅಮೆರಿಕ ಸರಕಾರದ ಅಳತೆ-ಮಾನಕಗಳ ಸಂಸ್ಥೆ ಎನ್‌ಐಎಸ್‌ಟಿ ಮಾಡಿದ ಕಂಟ್ರೋಲರ್‌ನಿಂದ ಬೆಳೆದು ಬಂದದ್ದು, ಸಾಧಾರಣ ಕಂಪ್ಯೂಟರ್‌ನಲ್ಲೇ ಓಡುತ್ತದೆ. ಮೋಟಾರು, ಅದಕ್ಕೆ ಕರೆಂಟು ಕೊಟ್ಟು ಓಡಿಸುವ ಡ್ರೈವ್ ಚೆನ್ನಾಗಿದ್ದರೆ ಅವನ್ನೂ ಬಿಸಾಡಬೇಕಿಲ್ಲ. ಎಷ್ಟೋ ಹಳೇ ಸರ್ವೋ ಡ್ರೈವ್‌ಗಳು ಪ್ಲಸ್ ಮೈನಸ್ 10 ವೋಲ್ಟ್ ಸಿಗ್ನಲ್‌ನಲ್ಲಿ ಓಡುತ್ತವೆ. ಅದನ್ನು ಕೊಡುವ ಕಾರ್ಡ್‌ಗಳು ಇವತ್ತೂ ಸಿಗುತ್ತವೆ. ಸ್ಕ್ರೂ ಪಿಚ್ 10 ಮಿಲಿಮೀಟರ್ ಇದ್ದು, ನೇರ ಜೋಡಿಸಿದ ಎನ್‌ಕೋಡರ್‌ನಲ್ಲಿ (ಎಷ್ಟು ತಿರುಗಿತು ಅಂತ ಎಣಿಸುವ ಸಾಧನ) 2,500 ಗೆರೆ ಇದ್ದರೆ, ಒಂದು ಗೆರೆಗೆ ನಾಲ್ಕರಂತೆ ಒಂದು ಸುತ್ತಿಗೆ 10,000 ಎಣಿಕೆ ಬರುತ್ತದೆ, ಒಂದು ಎಣಿಕೆಗೆ ಒಂದು ಮೈಕ್ರಾನ್, ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು. ನಮ್ಮಂಥವರ ಕೆಲಸಕ್ಕೆ ಇದು ಧಾರಾಳ ಸಾಕು.

ಜೀವದ ವಿಷಯದಲ್ಲಿ ಮಾತ್ರ ರಾಜಿ ಬೇಡ. ಪವರ್ ತೆಗೆದ ಮೇಲೂ ಡ್ರೈವ್‌ನ ಕೆಪಾಸಿಟರ್‌ಗಳಲ್ಲಿ ವೋಲ್ಟೇಜ್ ಉಳಿದಿರುತ್ತದೆ. ಕಾದು, ಮೀಟರ್ ಇಟ್ಟು ನೋಡಿದ ಮೇಲೆಯೇ ಕೈ ಹಾಕಿ. ಹೆಡ್ಡನ್ನು ಮೇಲೆ ಕೆಳಗೆ ಓಡಿಸುವ ಝಡ್ ಆಕ್ಸಿಸ್ ಮೋಟಾರ್ ಬಿಚ್ಚುವ ಮುಂಚೆ ಹೆಡ್‌ನ ಅಡಿಗೆ ದಪ್ಪ ಮರದ ದಿಮ್ಮಿ ಕೊಡಿ, ಇಲ್ಲದಿದ್ದರೆ ಹೆಡ್ ತನ್ನ ಭಾರಕ್ಕೆ ತಾನೇ ಕೆಳಗೆ ಬೀಳಬಹುದು. ಎಮರ್ಜೆನ್ಸಿ ಸ್ಟಾಪ್ ಬಟನ್ ಒತ್ತಿದರೆ ಕಂಪ್ಯೂಟರ್‌ನ ಹಂಗಿಲ್ಲದೆ ಮಷೀನ್ ನಿಲ್ಲಬೇಕು. ಅದರ ವೈರಿಂಗ್ ಸೇಫ್ಟಿ ರಿಲೇ (ಪವರ್ ಕಡಿಯುವ ಸ್ವಿಚ್) ಮೂಲಕ ಬೇರೆಯೇ ಇರಲಿ. ಕಂಪ್ಯೂಟರ್ ಹ್ಯಾಂಗ್ ಆದಾಗಲೇ ಆ ಬಟನ್ ಬೇಕಾಗುವುದು, ಅಲ್ವಾ?

ಹಂಚಿಕೊಂಡು ನಡೆಸುವ ಜಾಗ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಒಬ್ಬರಿಗೆ ಸ್ಕ್ರೇಪಿಂಗ್ ಬರುತ್ತದೆ, ಒಬ್ಬರಿಗೆ ವೈರಿಂಗ್, ಇನ್ನೊಬ್ಬ ಹುಡುಗಿಗೆ ಲಿನಕ್ಸ್ ನೀರು ಕುಡಿದಷ್ಟು ಸಲೀಸು. ನಮ್ಮ ಪ್ಯಾನೆಲ್‌ನ ವೈರ್‌ಗಳನ್ನೆಲ್ಲ ಪತ್ತೆಹಚ್ಚಿ ಎರಡೂ ತುದಿಗೆ ನಂಬರ್ ಹಾಕಿದ್ದು ಅವಳೇ. ತೊಂದರೆ ಇರುವುದು ಬೇರೆ ಕಡೆ. ಎಲ್ಲರ ಮಷೀನ್ ಅಂದರೆ ಯಾರದ್ದೂ ಅಲ್ಲದ ಮಷೀನ್ ಆಗಿಬಿಡುತ್ತದೆ. ಒಬ್ಬರು ಪ್ಯಾರಾಮೀಟರ್ ಬದಲಿಸುತ್ತಾರೆ, ಇನ್ನೊಬ್ಬರು ಬಂದು ಜಾಬ್ ಕೆಡಿಸಿಕೊಳ್ಳುತ್ತಾರೆ. ಹಾಗಾಗಿ ಪ್ಯಾನೆಲ್ ಬಾಗಿಲಿಗೆ ಒಂದು ನೋಟ್‌ಬುಕ್ ಕಟ್ಟಿದ್ದೇವೆ. ಏನೇ ಬದಲಿಸಿದರೂ ತಾರೀಕು ಹಾಕಿ ಹಳೇ ಅಂಕಿ, ಹೊಸ ಅಂಕಿ ಬರೆಯಬೇಕು. ವೈರಿಂಗ್ ಡ್ರಾಯಿಂಗ್ ಅದೇ ಬಾಗಿಲ ಒಳಗಿದೆ. ಸೆಟ್ಟಿಂಗ್ ಫೈಲ್‌ನ ನಕಲು ಬೇರೆ ಕಡೆಯೂ ಇದೆ. ಮೊದಲು ಗೊಣಗಿದವರೇ ಈಗ ಏನಾದರೂ ಕೆಟ್ಟರೆ ಆ ಪುಸ್ತಕ ತೆರೆಯುತ್ತಾರೆ.

ಕಾಲೇಜು, ತರಬೇತಿ ಕೇಂದ್ರ, ಕಾರ್ಖಾನೆಗಳವರಲ್ಲಿ ನನ್ನ ವಿನಂತಿ ಇಷ್ಟೇ. ಮೂಲೆಯಲ್ಲಿ ನಿಂತ ಮಿಲ್ ಇದ್ದರೆ, ತೂಕದವನನ್ನು ಕರೆಯುವ ಮೊದಲು ಹತ್ತಿರದ ಯಾವುದಾದರೂ ಹಂಚಿಕೆಯ ವರ್ಕ್‌ಶಾಪ್‌ನವರನ್ನು ಕರೆದು ತೋರಿಸಿ. ಕೊಡುವುದಾದರೆ ಅದರ ಮ್ಯಾನುಯಲ್, ಎಲೆಕ್ಟ್ರಿಕಲ್ ಡ್ರಾಯಿಂಗ್, ಪ್ಯಾರಾಮೀಟರ್ ಪಟ್ಟಿಯನ್ನೂ ಜೊತೆಗೇ ಕೊಡಿ. ಕಪಾಟು ಖಾಲಿ ಮಾಡುವಾಗ ಮೊದಲು ರದ್ದಿಗೆ ಹೋಗುವುದು ಅದೇ ಫೈಲು. ಮಷೀನ್ ತಯಾರಿಸುವವರೂ ಅಷ್ಟೇ. ಒಂದು ಮಾದರಿಗೆ ಸರ್ವಿಸ್ ನಿಲ್ಲಿಸುವ ದಿನ, ಅದರ ಡ್ರಾಯಿಂಗ್‌ಗಳನ್ನು ಕೊಂಡವರಿಗೆಲ್ಲ ಬಿಟ್ಟುಕೊಡಲಿ.

ಇಂತಿ,
ಮಿಲ್ಲಿಂಗ್ ಕೆಲಸದ ನಿಮ್ಮ ಓದುಗ